ಬಾಣಂತಿ ಕೋಣೆಯ ಜಿರಳೆಗಳು

ರಶ್ಮಿತಾ ಹೆತ್ತು ಮಲಗಿದ್ದ ಕೋಣೆಯಿಂದ ಅವಳನ್ನೂ ಕೂಸನ್ನೂ ಎಬ್ಬಿಸಿ, ಎಸ್ಟೇಟಿನವರು ಅಲ್ಲಿ ಜಿರಳೆ ಸಾಕಿದರು.

ಹಾನುಬಾಳಿನಿಂದ ಒಳಗೆ ಜೀಪು ಮಾತ್ರ ಹೋಗುವ ಆ ಎಸ್ಟೇಟಿನ ಕೂಲಿ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಗಳಲ್ಲಿ, ನಡುವಿನ ಕೋಣೆ ಯಾರದ್ದೂ ಅಲ್ಲ. ಅದರ ಹಿಂಗೋಡೆಗೆ ಆನಿಕೊಂಡು ಹೊರಗಡೆ ಸ್ನಾನದ ಹಂಡೆಯ ಒಲೆಯಿದೆ. ಬೆಂಕಿ ಆಚೆ, ಹೊಗೆ ಆಚೆ, ಕಾವು ಮಾತ್ರ ಒಳಗೆ. ಹಾಗಾಗಿ ಲೈನಿನಲ್ಲಿ ಯಾರು ಹೆತ್ತರೂ ಬಾಣಂತನ ಅಲ್ಲೇ. ಒಗೆದ ಬಟ್ಟೆ ವಾರವಾದರೂ ಒಣಗದ ಮಳೆಗಾಲದಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಎಷ್ಟೋ ಹೆಂಗಸರು ಮಕ್ಕಳಿಗೆ ಮೊಲೆಯೂಡಿದ್ದಾರೆ.

ಸಣ್ಣ ಸಾಹುಕಾರ ಚಂದನ್‌ನದು ಹೋಂಸ್ಟೇ. ಬರುವ ಅತಿಥಿಗಳಿಗೆ ಕಾಫಿ ಗಿಡ, ಜಿಗಣೆ, ಮಂಜು ಸಾಲದೆನಿಸಿ ಗಾಜಿನ ಪೆಟ್ಟಿಗೆಗಳಲ್ಲಿ ಹೊರದೇಶದ ಓತಿಕ್ಯಾತಗಳನ್ನು ತಂದಿಟ್ಟಿದ್ದ. ಅವು ಊರ ಹುಳು ಮುಟ್ಟಬಾರದಂತೆ, ಊರ ಹುಳುವಿನಲ್ಲಿ ಔಷಧಿಯ ವಿಷ ಇರುತ್ತದಂತೆ. ಆ ಔಷಧಿಯನ್ನು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೊಡೆಯುವವರು ಲೈನಿನವರೇ. ಅವರು ಏನು ಮುಟ್ಟಬಾರದೆಂದು ಚಂದನ್ ಇದುವರೆಗೆ ಹೇಳಿಲ್ಲ. ಅಂತೂ ಓತಿಕ್ಯಾತಗಳ ಊಟಕ್ಕೆ ಹೊರದೇಶದ್ದೇ ಜಿರಳೆ ಬಂತು. ನುಣುಪಾದ ಪ್ಲಾಸ್ಟಿಕ್ ಕ್ರೇಟು, ಒಳಗೆ ಅಡಗಲು ನಿಲ್ಲಿಸಿಟ್ಟ ಮೊಟ್ಟೆ ಟ್ರೇಗಳು, ಗಾಳಿಯಾಡಲು ಮುಚ್ಚಳಕ್ಕೆ ಜಾಲರಿ, ತಿನ್ನಲು ಕ್ಯಾರೆಟ್ಟು, ಕಿತ್ತಳೆ, ಕೋಳಿ ಫೀಡಿನ ಪುಡಿ. ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿದ್ದರೆ ಅವು ಮರಿ ಹಾಕುತ್ತವೆ, ಇಪ್ಪತ್ತಕ್ಕಿಳಿದರೆ ಸುಮ್ಮನೆ ಕೂರುತ್ತವೆ, ನಲವತ್ತಾದರೆ ಸಾಯುತ್ತವೆ. ಇಷ್ಟನ್ನೂ ಚಂದನ್ ಬಾಯಿಪಾಠ ಮಾಡಿದ್ದ. ಕೂಸಿಗೆ ಎಷ್ಟು ಡಿಗ್ರಿ ಬೇಕೆಂದು ಅವನು ಓದಿದ ಕಡೆ ಬರೆದಿರಲಿಲ್ಲವೇನೋ.

ಮಳೆ ಹಿಡಿದ ಮೇಲೆ ಕರೆಂಟು ಹೋದರೆ ಹೋಯಿತು, ಹೀಟಿಂಗ್ ಪ್ಯಾಡು ತಣ್ಣಗಾಯಿತು. ಚಂದನ್ ಉಷ್ಣಾಂಶದ ಮೀಟರು ಹಿಡಿದು ಬಂಗಲೆ, ಸ್ಟೋರ್, ಗ್ಯಾರೇಜು ಎಲ್ಲ ಸುತ್ತಿ, ಕೊನೆಗೆ ಬೂಟುಗಾಲಲ್ಲೇ ಬಾಣಂತಿ ಕೋಣೆಗೆ ನುಗ್ಗಿದ. ತೊಟ್ಟಿಲ ಮೇಲೆ ಮೀಟರು ಹಿಡಿದು ಪರ್ಫೆಕ್ಟ್ ಅಂದ. ಕೂಸನ್ನು ನೋಡಿ ಅಂದನೆಂದು ರಶ್ಮಿತಾಳ ತಾಯಿ ಕೆಂಚಮ್ಮ ಮುಖ ಅರಳಿಸಿದಳು.

ಮಧ್ಯಾಹ್ನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದಯಾನಂದ ಬಂದು ಮೂಲೆ ಮನೆಗೆ ಹೋಗಿ ಎಂದ. ಕೂಸಿಗೆ ಕತ್ತು ನಿಲ್ಲುವ ತನಕ ತಡೀರಿ ಎಂದು ಕೆಂಚಮ್ಮ ಕೈಮುಗಿದಳು. ಮುಗಿದ ಕೈ ಇಳಿಯುವ ಮೊದಲೇ ಕ್ರೇಟುಗಳು ಒಳಗೆ ಬಂದವು.

ಮೂಲೆ ಮನೆಯ ಶೀಟು ಸೋರುತ್ತಿತ್ತು. ಕೂಸಿಗೆ ಎದೆ ಕಟ್ಟಿ ಗೊರಗೊರ ಶುರುವಾಯಿತು. ಆಶಾ ಕಾರ್ಯಕರ್ತೆ ಬಂದು, ಬೆಚ್ಚಗಿಡಬೇಕು, ಆದರೆ ಹೊಗೆ ತಾಗಬಾರದು ಎಂದು ಹೇಳಿಹೋದಳು. ಹೊಗೆಯಿಲ್ಲದ ಕಾವು ಆ ಲೈನಿನಲ್ಲಿ ಇದ್ದದ್ದು ಒಂದೇ ಗೋಡೆಗೆ. ಅದಕ್ಕೆ ಈಗ ಜಿರಳೆ ಒರಗಿದ್ದವು. ಹೆಂಗಸರು ಸರದಿಯ ಮೇಲೆ ಬಂದು ಕೂಸನ್ನು ರವಿಕೆಯೊಳಗೆ ಎದೆಗವಚಿಕೊಂಡು ಕೂತರು.

ಅತ್ತ ಬಾಣಂತಿ ಕೋಣೆ ದಿನದಿಂದ ದಿನಕ್ಕೆ ತಣ್ಣಗಾಯಿತು. ಜಿರಳೆಗಳು ಟ್ರೇಯ ಸಂದಿ ಬಿಟ್ಟು ಅಲ್ಲಾಡಲಿಲ್ಲ. ಮೀಟರು ಕೆಟ್ಟಿದೆಯೆಂದು ಚಂದನ್ ಹೊಸದು ತಂದ. ಹೊಸದೂ ಅದನ್ನೇ ಹೇಳಿತು. ಅವನು ಓತಿಕ್ಯಾತ ತರಲು ಮಂಗಳೂರಿಗೆ ಹೋದವನು ಮಾರನಹಳ್ಳಿ ಹತ್ತಿರ ಗುಡ್ಡ ಜರಿದು ಆಚೆಯೇ ಸಿಕ್ಕಿಕೊಂಡ. ಅಲ್ಲಿಂದಲೇ ದಯಾನಂದನಿಗೆ ಫೋನು ಮಾಡಿ, ಜಿರಳೆ ಸತ್ತರೆ ನಿನ್ನ ಕೆಲಸವೂ ಸತ್ತಿತು ಎಂದ.

ದಯಾನಂದ ಹಂಡೆಯ ಒಲೆಗೆ ಎಸ್ಟೇಟಿನ ಸೌದೆ ತುರುಕಿಸಿದ. ಒಣಗಿದ್ದನ್ನೆಲ್ಲ ಬೇಸಿಗೆಯಲ್ಲೇ ಲಾರಿಗೆ ತುಂಬಿ ಮಾರಿಯಾಗಿತ್ತು; ನೆನೆದ ಸಿಲ್ವರ್ ಓಕ್ ಸೌದೆ ಹೊಗೆಯಾಡಿತೇ ಹೊರತು ಹತ್ತಲಿಲ್ಲ. ಆಮೇಲೆ ಅವನು ಗಂಡಸರಿಗೆ ಗೊತ್ತಿರುವಷ್ಟು ಬಾಣಂತನ ಮಾಡಿದ. ಕಿಟಕಿಗೆ ಗೋಣಿ ಬಡಿದ, ಬಾಗಿಲ ಸಂದಿಗೆ ಬಟ್ಟೆ ತುರುಕಿದ, ಶೀತಗಾಳಿ ತಾಗದಿರಲೆಂದು ಜಾಲರಿಯ ಮೇಲೆ ಕಂಬಳಿ ಹೊದಿಸಿದ, ಕ್ರೇಟಿನ ಪಕ್ಕ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮೇಲೊಂದು ಹಿಡಿ ಸಾಂಬ್ರಾಣಿಯನ್ನೂ ಉದುರಿಸಿದ. ಬಾಗಿಲು ತೆಗೆದಾಗ ಬೆಂಕಿಯ ಪಕ್ಕದ ಕ್ರೇಟಿನಲ್ಲಿ ಒಂದೂ ಜೀವಂತ ಉಳಿದಿರಲಿಲ್ಲ. ಅವನೂ ತಲೆ ಸುತ್ತಿ ಅಂಗಳದಲ್ಲಿ ಕೂತ. ಕೂಲಿಯವರ ಕೂಸಿಗೆ ಯಾರೂ ಉದುರಿಸದ ಸಾಂಬ್ರಾಣಿ ಜಿರಳೆಯ ಪಾಲಾಗಿತ್ತು.

ದಾರಿ ತೆರೆದ ಮೇಲೆ ಚಂದನ್ ವಾಪಸಾದ. ಸತ್ತವನ್ನು ಅಂಗಳಕ್ಕೆ ಸುರಿಸಿ, ಮೊದಲು ಬೆಚ್ಚಗಿದ್ದ ಗೋಡೆಗೆ ಈಗೇನಾಯಿತೆಂದು ದಯಾನಂದನನ್ನು ಎಲ್ಲರೆದುರು ಉಗಿದ. ಲೈನಿನ ಹಿರಿಯ ಹುಚ್ಚಣ್ಣ ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ.

"ಗೋಡೆಗೇನಾಗೈತೆ ಸಾವ್ಕಾರ್ರೆ," ಎಂದ. "ಮನೆಗೊಂದು ಕೊಳ್ಳಿ ಅಂತ ನಾವು ಸೌದೆ ಹಾಕ್ತಿದ್ದಿದ್ದು ಬಾಣಂತಿಗೆ. ಬಾಣಂತಿ ಎದ್ದೋದ್ಲು, ಸೌದೆನೂ ನಿಂತೋಯ್ತು. ಜಿರ್ಲೆ ನಮ್ಗೇನ್ ನೆಂಟ್ರಾ?"

ಯಾರೋ ನಕ್ಕರು. ಲೈನಿನ ಯಾವ ಮನೆಯಲ್ಲಿ ಹೆತ್ತರೂ ಉಳಿದ ಮನೆಗಳು ಅಟ್ಟದ ಒಣಸೌದೆಯಿಂದ ದಿನಕ್ಕೊಂದು ತಂದು ಹಂಡೆಯ ಒಲೆಗೆ ಒಡ್ಡಬೇಕು. ಯಾರು ಯಾವಾಗ ಕಟ್ಟಿದ ಕಟ್ಟಳೆಯೋ, ಮುರಿದವರಿಲ್ಲ. ಎಸ್ಟೇಟು ಕೊಡದ ಬೆಂಕಿಯನ್ನು ಚಂದನ್ ಅಳೆದುಕೊಂಡು ಹೋಗಿ ತನ್ನ ಕಟ್ಟಡದ ಗುಣ ಅಂದುಕೊಂಡಿದ್ದ. ಅಂಥ ದಡ್ಡತನಕ್ಕೆ ಆಸ್ತಿ ಬೇಕು.

ಅವಮಾನ ಅವನಿಗೆ ತಟ್ಟಲಿಲ್ಲ. ತಟ್ಟಿದ್ದು ಉಪಾಯ. ನೇರ ಮೂಲೆ ಮನೆಯ ಬಾಗಿಲಿಗೆ ಬಂದು ಕೆಂಚಮ್ಮನಿಗೆ ಹೇಳಿದ:

"ಮಗಳನ್ನ ಆ ಕೋಣೆಗೇ ವಾಪಸ್ ಕರ್ಕೊಂಡ್ ಬಾ. ಉಳಿದ ಕ್ರೇಟ್ ಗೋಡೆ ಕಡೆ ಇರ್ಲಿ, ಇವ್ಳು ಬಾಗ್ಲು ಕಡೆ ಮಲಗ್ಲಿ. ನೀವು ಬೆಂಕಿ ಹಾಕ್ತೀರಿ, ಇಬ್ರೂ ಬೆಚ್ಚಗಿರ್ತಾರೆ."

ಇಬ್ರೂ ಎಂದರೆ ಕೂಸು ಮತ್ತು ಜಿರಳೆ. ಅವನ ಲೆಕ್ಕದಲ್ಲಿ ಅದು ಉಪಕಾರ.

ಕೆಂಚಮ್ಮನ ಕಣ್ಣು ಒಮ್ಮೆ ನಡುವಿನ ಕೋಣೆಯತ್ತ ಹೋಯಿತು. ಬಾಗಿಲ ಕಡೆಯಾದರೂ ಅದು ಒಣಗಿದ ನೆಲ. ಹೋಗಣ ಬಾರವ್ವ, ಮಗ ಉಳೀಲಿ ಎಂದು ಮೆಲ್ಲಗೆ ಅಂದಳು. ಸೋರುವ ನೀರಿಗೆ ಇಟ್ಟಿದ್ದ ಪಾತ್ರೆಗಳ ನಡುವೆ ರಶ್ಮಿತಾ ಕೂತಿದ್ದಳು. ಕೂಸು ಅವಳ ಸೆರಗಿನೊಳಗೆ ಗೊರಗೊರ ಎನ್ನುತ್ತಿತ್ತು. ಜಿರಳೆಯ ಕ್ರೇಟು ತೆರೆದಾಗ ಬರುವ ಕಮಟು ವಾಸನೆ, ಹಾರುವ ಹಿಕ್ಕೆಯ ಪುಡಿ ಅವಳು ಕಂಡದ್ದೇ. ಕಟ್ಟಿದ ಎದೆಗೆ ಅದೂ ಸೇರುತ್ತದೆ.

"ಪೆಟ್ಗೆ ಆಚೆಗೋಗ್ಲಿ," ಎಂದಳು. "ನೆಲ ತೊಳ್ಸಿ, ಸುಣ್ಣ ಬಳ್ಸಿ. ಆಮೇಲ್ ಬತ್ತೀನಿ."

"ಎಸ್ಟೇಟ್ ಬಿಲ್ಡಿಂಗ್ ಅದು. ನಡಿ ಅಂದ್ರೆ ನಡೀಬೇಕು."

"ಆವತ್ತು ನಡಿ ಅಂದ್ರಿ, ಹಸಿಮೈಲಿ ಎದ್ ಬಂದೆ. ನಿಮ್ ಜಿರ್ಲೆಗೆ ಕಾವು ಸಿಗ್ಲಿ ಅಂತ ನನ್ ಮಗಾನ ತಂದು ಮಡಗಕ್ಕಿಲ್ಲ." ಅವಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. "ಬರಕ್ಕಿಲ್ಲ, ಹೋಗಿ."