ಕಿಟಕಿಯಾಚೆಯ ಫೋನು

ಏಳು ತಿಂಗಳು ನಾನು ಆ ಗ್ರೂಪಿನಲ್ಲಿ ಬರೀ ಓದುತ್ತಿದ್ದೆ. ಶಹಾಬಾದಿನ ಕಾಲೇಜಿನಲ್ಲಿ ನಮಗೆ ಕೆಮಿಸ್ಟ್ರಿ ಕಲಿಸಿದ ರಾಜರತ್ನ ಸರ್ ಹಳೇ ವಿದ್ಯಾರ್ಥಿಗಳಿಗೆಂದು ಮಾಡಿದ್ದ ಇ-ಮೇಲ್ ಗ್ರೂಪು ಅದು. ಯಾರಿಗಾದರೂ ನೌಕರಿ ಸಿಕ್ಕರೆ ಎಲ್ಲರೂ ಅಭಿನಂದನೆ ಬರೆಯುತ್ತಿದ್ದರು. ನಾನು ಅದನ್ನೂ ಬರೆದವಳಲ್ಲ.

ಬುಧವಾರ ಸರ್ ಬರೆದರು: ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಲ್ಯಾಬಿಗೆ ಒಬ್ಬರು ಬೇಕು, ಹೆಸರು, ಫೋನ್ ನಂಬರು ಇವತ್ತೇ ಕಳಿಸಿ. ವಾಡಿ ಸ್ಟೇಷನ್ ರಸ್ತೆಯ ಸೈಬರ್ ಕೆಫೆಯಲ್ಲಿ ಕೂತು ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದೆ.

"ಒತ್ತ್ ಬೇಟಾ, ಕರೆಂಟ್ ಹೋಗೂ ಟೈಮ್ ಆತು," ಅಂದ ಸೈಬರ್ ನಡೆಸುವ ಸರ್ದಾರ. "ಏಳು ತಿಂಗಳು ಓದೇ ಓದಾಕತ್ತಿ. ಇಷ್ಟೊತ್ತಿಗೆ ಕಲೆಕ್ಟರ್ ಆಗತಿದ್ದಿ."

ಒತ್ತಿದೆ. ನಂಬರಿನ ಮುಂದೆ 'ಪಿಪಿ' ಎಂದು ಬರೆದಿದ್ದೆ. ನಮ್ಮ ಮನೆಯಲ್ಲಿ ಫೋನಿಲ್ಲ. ಅದು ಎದುರು ಮನೆಯ ಅನಸೂಯಾಬಾಯಿಯವರ ನಂಬರು. ಓಣಿಯ ಆರು ಮನೆಗಳ ಅರ್ಜಿಗಳಲ್ಲಿ ಅದೇ ನಂಬರು.

ಸಂಜೆ ಉತ್ತರ ಬಂತು. ನಾಳೆ ಬೆಳಿಗ್ಗೆ ಏಳೂವರೆಗೆ ಲ್ಯಾಬಿನ ಸಾಹೇಬರು ಫೋನ್ ಮಾಡುತ್ತಾರೆ. ಎರಡು ಸಲ ಮಾಡುತ್ತಾರೆ. ಎತ್ತದಿದ್ದರೆ ಪಟ್ಟಿಯಲ್ಲಿನ ಮುಂದಿನ ಹೆಸರು.

ಬಾಯಾರ ಮಗ ರಘುವೀರನಿಗೆ ಹೇಳಿದೆ. "ಬರ್ಲಿ ತಗೋ, ನಾ ಮನ್ಯಾಗೇ ಇರ್ತೀನಿ," ಅಂದ. ಬೆಳಿಗ್ಗೆ ನೋಡಿದರೆ ರೈಲ್ವೆಯವರು ಅವನನ್ನು ನಸುಕಿನಲ್ಲೇ ಡ್ಯೂಟಿಗೆ ಕರೆದೊಯ್ದಿದ್ದರು.

ಫೋನ್ ಅವರ ಪಡಸಾಲೆಯಲ್ಲಿ ಸ್ಟೂಲಿನ ಮೇಲಿರುತ್ತದೆ. ನನಗೆ ಫೋನ್ ಬಂದರೆ ಬಾಯಾರು ಕಿಟಕಿಯ ಸರಳಿನ ನಡುವೆ ರಿಸೀವರ್ ಕೊಡುತ್ತಾರೆ. ನಾನು ಹೊರಗೆ ಕಟ್ಟೆಯ ಮೇಲೆ ನಿಂತು ಮಾತಾಡುತ್ತೇನೆ. ನಮ್ಮಂಥವರು ಒಳಗೆ ಬರಬಾರದು ಅಂತ ಅವರು ಅಂದಿಲ್ಲ. ಬಾ ಅಂತಲೂ ಅಂದಿಲ್ಲ.

ಏಳೂವರೆಗೆ ಸರಿಯಾಗಿ ಗಂಟೆ ಹೊಡೆಯಿತು.

"ಬಾಯಾರ, ಫೋನ್ ರೀ!" ಕಟ್ಟೆಯ ಮೇಲಿಂದ ಕೂಗಿದೆ.

ಅವರು ಅಡಿಗೆ ಮನೆಯ ಹೊಸ್ತಿಲಿಗೆ ಬಂದರು. ಒದ್ದೆ ಸೀರೆ, ಕೈಯಲ್ಲಿ ಸೌಟು.

"ಇವತ್ತ ದ್ವಾದಶಿ ಅದಲ್ಲ ಲುಂಬಿನಿ. ಮಡೀಲೆ ಇದ್ದೀನಿ. ನೈವೇದ್ಯ ಆಗಿಲ್ಲ, ಪಾರಣಿ ಆಗಿಲ್ಲ. ಹ್ಯಾಂಗ ಮುಟ್ಟಲಿ?"

ನಿನ್ನೆ ಅವರಿಗೆ ಏಕಾದಶಿಯ ಉಪವಾಸ. ಎರಡು ವರ್ಷದಿಂದ ಅವರ ನಂಬರು ಬರೆಯುತ್ತಿದ್ದೇನೆ, ಒಂದು ದಿನ ಅವರ ಪಂಚಾಂಗ ಕೇಳಿಲ್ಲ.

ಗಂಟೆ ಎಣಿಸುತ್ತಿದ್ದೆ. ಐದು. ಆರು. ಸರಳಿನೊಳಗೆ ಭುಜದವರೆಗೂ ಕೈ ಚಾಚಿದೆ. ಸ್ಟೂಲು ಇನ್ನೂ ಎರಡು ಮೊಳ ದೂರ. ಒಳಗ ಬರ್ಲ್ಯಾ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಒಂಬತ್ತನೇ ಸಲಕ್ಕೆ ನಿಂತುಹೋಯಿತು.

ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು.

ಮತ್ತೆ ಹೊಡೆಯಿತು.

ನಾನು ಚಪ್ಪಲಿ ಬಿಟ್ಟು ಬಾಗಿಲು ದಾಟಿ ಒಳಗೆ ಹೋಗಿ ರಿಸೀವರ್ ಎತ್ತಿದೆ.

"ಲುಂಬಿನಿನಾ? ಜೋರಾಗಿ ಹೇಳ್ರಿ, ಇಲ್ಲಿ ಮಿಲ್ಲಿನ ಸಪ್ಪಳ ಭಾಳ ಅದ. ಒಂದು ಗ್ರಾಂ ಸುಣ್ಣದ ಕಲ್ಲು ಪೂರ್ತಿ ಸುಟ್ರ ಎಷ್ಟು ಉಳೀತದ?"

"ಶುದ್ಧ ಇದ್ರ ಅರ್ಧ ಗ್ರಾಂಕಿಂತ ಸ್ವಲ್ಪ ಹೆಚ್ಚರಿ. ಸೊನ್ನೆ ಪಾಯಿಂಟ್ ಐದು ಆರು."

"ಕೇಳಸವಲ್ದು!"

"ಸೊನ್ನೆ ಪಾಯಿಂಟ್ ಐದು ಆರು!" ಕೂಗಿದೆ. ಬಾಯಾರು ಗೋಡೆಗೆ ಒರಗಿ ಸರಿದು ನಿಂತರು. "ನಮ್ಮ ಕಡೀ ಕಲ್ಲು ಅಷ್ಟು ಶುದ್ಧ ಇರಂಗಿಲ್ಲರಿ. ಮಣ್ಣು ಇರ್ತದ, ಇನ್ನಾ ಜಾಸ್ತಿ ಉಳೀತದ."

ಆ ಕಡೆ ನಗು. "ಪುಸ್ತಕದಾಗ ಇಲ್ಲ ಇದು. ಸೋಮವಾರ ಸರ್ಟಿಫಿಕೇಟ್ ತಗೊಂಡು ಬರ್ರಿ. ಟೈಮು ಆಮೇಲೆ ತಿಳಸ್ತೀನಿ. ಇದೇ ನಂಬರಿಗೆ ಮಾಡ್ಲ್ಯಾ?"

ನಾನು ಬಾಯಾರ ಮುಖ ನೋಡಿದೆ.

"ದ್ವಾದಶಿ ಬಿಟ್ಟು ಯಾವತ್ತರೆ ಮಾಡ್ರಿ ಅನ್ನು," ಅಂದರು ಮೆಲ್ಲಗೆ. ಸಿಟ್ಟಿರಲಿಲ್ಲ. ಆದರೆ ಸೌಟನ್ನು ಆಗಲೇ ಕೆಳಗಿಟ್ಟಿದ್ದರು.

"ಬ್ಯಾಡ್ರಿ ಸಾಹೇಬರ," ಅಂದೆ. "ನಾನೇ ಎಸ್‌ಟಿಡಿ ಬೂತಿನಿಂದ ಮಾಡ್ತೀನಿ. ನಿಮ್ಮ ನಂಬರ್ ಹೇಳ್ರಿ."

ಸ್ಟೂಲಿನ ಮೇಲಿದ್ದ ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡೆ. ಕಟ್ಟೆ ಇಳಿಯುವಾಗ ಅವರ ಬಚ್ಚಲಲ್ಲಿ ಮತ್ತೆ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸಪ್ಪಳ ಶುರುವಾಯಿತು. ಕೈ ಬೆವರುತ್ತಿತ್ತು. ಅಂಕಿ ಅಳಿಸಿಹೋಗುವ ಮೊದಲೇ ಮನೆಗೆ ಓಡಿದೆ.