ಪರದೆಯ ಹಿಂದೆ ಹೋದವಳು

ಕಮ್ಯುನಿಸ್ಟ್ ಆಳ್ವಿಕೆ ಉರುಳಿದ ಮೇಲೆ ಪ್ಲೋವ್ದಿವ್ ನಗರದ ಒಂದು ಕಾಲೇಜಿನಲ್ಲಿ 'ವೈಜ್ಞಾನಿಕ ಕಮ್ಯುನಿಸಂ ವಿಭಾಗ' ಎಂಬ ಬೋರ್ಡನ್ನು ಇಳಿಸಿ, ಅದೇ ಮೊಳೆಗೆ 'ಪ್ರಜಾಪ್ರಭುತ್ವ ತತ್ತ್ವಶಾಸ್ತ್ರ ವಿಭಾಗ' ಎಂಬ ಬೋರ್ಡು ತೂಗುಹಾಕಿದರು. ಒಳಗಿದ್ದವರು ಮಾತ್ರ ಅವರೇ. ಬಂಡವಾಳಶಾಹಿ ಇಂದಲ್ಲ ನಾಳೆ ಮಣ್ಣುಮುಕ್ಕುತ್ತದೆಂದು ಜೀವಮಾನವಿಡೀ ಪಾಠ ಹೇಳಿದ್ದ ಮುಖ್ಯಸ್ಥ ಕರಾಜೋವ್, ಈಗ ಮುಕ್ತ ಸಮಾಜದ ಬಗ್ಗೆ ಅದೇ ಗಂಟಲಿನಲ್ಲಿ, ಅದೇ ಮೇಜು ಗುದ್ದಿ ಉಪನ್ಯಾಸ ಕೊಡುತ್ತಿದ್ದ. ಮಣ್ಣುಮುಕ್ಕುವವರು ಯಾರೆಂಬುದಷ್ಟೇ ಬದಲಾಗಿತ್ತು.

ಅಲ್ಲಿಯೇ ಕಲಿಸುತ್ತಾ ಕೂದಲು ನರೆಸಿಕೊಂಡ ಜ್ಲಾಟ್ಕಾಗೆ ಈ ಗಂಟಲು ಕೇಳಿ ಸಾಕಾಗಿತ್ತು. ಎಲ್ಲರೂ ಹೂಂ ಅಂದದ್ದಕ್ಕೆ ತಾನೂ ಹೂಂ ಅಂದು ಅಂದು, ತನಗೊಂದು ಸ್ವಂತ ಅಭಿಪ್ರಾಯ ಉಳಿದಿದೆಯೇ ಎಂಬುದೇ ಅವಳಿಗೆ ಅನುಮಾನ. ಮುಖ್ಯಸ್ಥರ ಸ್ಥಾನಕ್ಕೆ ಗುಪ್ತ ಮತದಾನವೆಂದಾಗ, ಅದನ್ನೇ ಪರೀಕ್ಷಿಸಿ ನೋಡಲೆಂಬಂತೆ ಕರಾಜೋವ್‌ನ ಎದುರು ನಿಂತಳು.

"ನಿಂತ್ಕೊಳ್ಳೇ, ನನ್ನ ಮತ ನಿನಗೇ! ಆ ಮುದಿ ಹುಂಜದ ಕೂಗು ಕೇಳಿ ನನ್ನ ಕಿವಿ ತೂತಾಗಿದೆ," ಎಂದಿದ್ದಳು ಗೆಳತಿ ವೆಲಿಚ್ಕಾ. ಇನ್ನೂ ಕೆಲವರು ಅಕ್ಕಪಕ್ಕ ನೋಡಿಕೊಂಡು ಹಾಗೆಯೇ ಹೇಳಿದ್ದರು.

ಮತದಾನದ ದಿನ ಕರಾಜೋವ್ ತಾನೇ ನಿಂತು ಕೋಣೆಯ ಮೂಲೆಗೆ ಪರದೆ ಕಟ್ಟಿಸಿದ.

"ಕಾಮ್ರೇಡುಗಳೇ... ಅಲ್ಲಲ್ಲ, ಮಹನೀಯರೇ! ಪರದೆ ಹಿಂದೆ ಹೋಗಿ ಧಾರಾಳವಾಗಿ ಗುರುತು ಹಾಕಿ. ನಾನೇನೂ ನೋಡಲ್ಲಪ್ಪ," ಎಂದು ಪರದೆಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ.

ಯಾರೂ ಒಳಗೆ ಹೋಗಲಿಲ್ಲ. ಹಳೆಯ ಕಾಲದಲ್ಲೂ ಮತಗಟ್ಟೆಯಲ್ಲಿ ಪರದೆ ಇರುತ್ತಿತ್ತು. ಅದರ ಹಿಂದೆ ಹೋದವನೆಂದರೆ ಬಚ್ಚಿಡಲು ಏನೋ ಇದ್ದವನು. ಮರ್ಯಾದಸ್ಥರು ಎಲ್ಲರೆದುರೇ ಮತ ಹಾಕುತ್ತಿದ್ದರು. ಈಗಲೂ ಒಬ್ಬೊಬ್ಬರಾಗಿ ಮೇಜಿನ ಮೇಲೇ ಗುರುತು ಹಾಕಿ, ಕರಾಜೋವ್‌ನ ಕಣ್ಣಿಗೆ ಬೀಳುವಷ್ಟು ಹೊತ್ತು ಚೀಟಿ ಬಿಡಿಸಿ ಹಿಡಿದು, ಪೆಟ್ಟಿಗೆಗೆ ಹಾಕಿದರು. ವೆಲಿಚ್ಕಾ ಕೂಡ.

ಜ್ಲಾಟ್ಕಾ ಎದ್ದು ಪರದೆಯ ಹಿಂದೆ ಹೋದಳು. ಹೊರಗೆ ಕುರ್ಚಿ ಕಿರುಗುಟ್ಟಿತು. ಒಳಗೆ ಹಳೇ ಬಟ್ಟೆಯ ಧೂಳು, ಒಂದು ಪೆನ್ಸಿಲು, ಅವಳು. ಚೀಟಿಯಲ್ಲಿದ್ದ ತನ್ನ ಹೆಸರು ಯಾರೋ ಅಪರಿಚಿತೆಯದೆಂಬಂತೆ ಕಂಡಿತು. ಆ ಅಪರಿಚಿತೆಗೇ ಮತ ಹಾಕಿದಳು. ಗಂಡನ ಕಣ್ಣು, ಅತ್ತೆಯ ಕಣ್ಣು, ಪಾರ್ಟಿಯ ಕಣ್ಣು ಎಂದು ಸದಾ ಯಾರದೋ ಕಣ್ಣಿನೊಳಗೆ ಬದುಕಿದವಳಿಗೆ ಯಾರೂ ನೋಡದ ಆ ಗಳಿಗೆ ಎಷ್ಟು ರುಚಿಸಿತೆಂದರೆ, ಹೊರಬರಲು ಮನಸ್ಸೇ ಆಗಲಿಲ್ಲ.

ಎಣಿಸಿದಾಗ ಅವಳಿಗೆ ಒಂದೇ ಮತ. ಅದು ಯಾರದೆಂದು ಎಲ್ಲರಿಗೂ ಗೊತ್ತು.

"ಬೈಬೇಡ ಕಣೇ," ವೆಲಿಚ್ಕಾ ಪಿಸುಗುಟ್ಟಿದಳು. "ನಿನಗೇ ಹಾಕೋಣ ಅಂತಿದ್ದೆ. ಆದ್ರೆ ಪರದೆ ಹಿಂದೆ ಹೋದ್ರೆ ಜನ ಏನಂದ್ಕೋತಾರೆ?"

ಕರಾಜೋವ್ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದ. "ಭಲೇ, ಮೇಡಂ! ಸರ್ವಾನುಮತ ಆಗಿದ್ರೆ ರಾಜಧಾನಿ ಸೋಫಿಯಾದವರು ನಗ್ತಿದ್ರು. ಈಗ ನಮ್ಮಲ್ಲೂ ವಿರೋಧ ಪಕ್ಷ ಇದೆ ಅಂತ ಎದೆ ತಟ್ಟಿ ಹೇಳ್ಬಹುದು. ಮುಂದಿನ ಸಲಾನೂ ನೀವೇ ನಿಂತು ಸೋಲ್ಬೇಕು, ಆಯ್ತಾ? ಎಲ್ಲರ ಒಪ್ಪಿಗೆ ಇದೆ ತಾನೆ?"

ಕೈಗಳು ಒಟ್ಟಿಗೇ ಮೇಲೆದ್ದವು. ಜ್ಲಾಟ್ಕಾಳ ಬಲಗೈ ಕೂಡ ತಾನಾಗಿಯೇ ಏಳತೊಡಗಿತ್ತು. ಅವಳು ಎಡಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದು ಮಡಿಲಿಗೆ ಒತ್ತಿಕೊಂಡಳು.

"ನನ್ನ ಒಪ್ಪಿಗೆ ಇಲ್ಲ."

"ಇದೇ! ಇದೇ ಬೇಕಾಗಿರೋದು!" ಎಂದು ಕರಾಜೋವ್ ಚಪ್ಪಾಳೆ ತಟ್ಟಿದ. ಅವಳು ಕೋಟು ತೆಗೆದುಕೊಂಡು ಹೊರನಡೆದಳು. ಬೆನ್ನ ಹಿಂದೆ ಎಲ್ಲರ ಚಪ್ಪಾಳೆ ಒಂದೇ ತಾಳದಲ್ಲಿ ಕೇಳಿಬರುತ್ತಿತ್ತು.