ರಂಗಯ್ಯನ ಬದನೆ ಕೊಯ್ಲು

ರಸ್ತೆಯಲ್ಲಿ ನಡೆಯುವಾಗಲೂ ನೇಕಾರ ರಂಗಯ್ಯನ ಕಾಲು ಮಗ್ಗದ ಗುಂಡಿಯಲ್ಲೇ ಇರುತ್ತದೆ. ಎಡಗಾಲು ಒತ್ತಿ, ತುಸು ತಡೆದು, ಬಲಗಾಲು ಒತ್ತುವ ಆ ತಾಳಬದ್ಧ ನಡಿಗೆಯಿಂದಲೇ ಮೊಳಕಾಲ್ಮೂರಿನ ಸಂತೆಯ ಗದ್ದಲದಲ್ಲೂ ಅವನನ್ನು ದೂರದಿಂದ ಗುರುತಿಸಬಹುದು. ಹೆಗಲ ಟವೆಲ್ಲಿಗೆ ಸದಾ ಒಂದೆರಡು ರೇಷ್ಮೆ ಎಳೆ ಅಂಟಿರುತ್ತವೆ, ಬಾಯಲ್ಲಿ ಸದಾ ಒಂದೇ ಮಾತು: "ತಡಿ, ಇನ್ನೂ ಮುಗಿದಿಲ್ಲ." ಕಾಫಿ ಆರಿದರೂ ಅದೇ, ಬಸ್ಸು ಹೊರಟರೂ ಅದೇ.

ಸೆರಗಿನ ಕೊನೆಯ ಎಳೆ ಕೂಡುವ ತನಕ ಸೀರೆಗೆ ಕತ್ತರಿ ತಾಗಿಸದ ಈ ಮಹಾಶಯ, ಹಿತ್ತಲಿನ ಬದನೆ ಗಿಡಗಳಿಗೂ ಅದೇ ನೇಮ ಹಚ್ಚಿದ್ದೇ ಅನಾಹುತಕ್ಕೆ ಮೂಲ. ಬೀಜ ದೇವಸಮುದ್ರದ ಅಕ್ಕ ರಂಗಕ್ಕ ಕೊಟ್ಟದ್ದು. ಅವರಿಬ್ಬರ ಅವ್ವ ಬದುಕಿರುವಷ್ಟು ಕಾಲ ಜತನದಿಂದ ಉಳಿಸಿಕೊಂಡು ಬಂದಿದ್ದ ತಳಿ. ಕಳೆದ ವರ್ಷ ಇನ್ನೂ ತುಂಬಲಿ, ಇನ್ನೂ ತುಂಬಲಿ ಎಂದು ಕಾದು, ಸಿಪ್ಪೆಯ ಮಿರುಗು ಮಾಸಿ ತಳ ಹಳದಿಗೆ ತಿರುಗಿದ ಮೇಲೆ ರಂಗಯ್ಯ ಹೆಮ್ಮೆಯಿಂದ ಕೊಯ್ದ. ಅಕ್ಕನ ತಟ್ಟೆಗೆ ಬಿದ್ದದ್ದು ಬರೀ ಬೀಜ, ಬರೀ ಕಹಿ.

"ರೇಷ್ಮೆ ಹೊಳಪು ನೋಡೋ ಕಣ್ಣಿಗೆ ಕಾಯಿ ಹೊಳಪು ಕಾಣಲಿಲ್ಲೇನೋ?" ಎಂದು ಆಕೆ ತಟ್ಟೆ ಸರಿಸಿದಳು. ಆ ಮಾತು ಅವನನ್ನು ವರ್ಷವಿಡೀ ಚುಚ್ಚಿತು. ಅದೇ ಅಕ್ಕ ಮೊನ್ನೆ ಫೋನು ಮಾಡಿದಳು: "ಭಾನುವಾರ ಬರ್ತೀನಿ, ಮಸಾಲೆ ತುಂಬಿ ಗುತ್ತಿವಂಕಾಯಿ ಮಾಡ್ಸು. ಈ ಸಲಾನೂ ಕೆಡಿಸಿದ್ರೆ ಅವ್ವನ ಬೀಜ ವಾಪಸ್ ತಗೊಂಡು ಹೋಗ್ತೀನಿ."

ಭಾನುವಾರ ಬೆಳಕು ಹರಿಯುತ್ತಲೇ ರಂಗಯ್ಯ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಕಾಯಿಗಳು ಅಂಗೈಯೊಳಗೆ ಅಡಗುವಷ್ಟೇ. ಆದರೆ ಎಂಥ ಮಿರುಗು! ಆಗತಾನೆ ಬಣ್ಣದಿಂದ ಎತ್ತಿದ ನೇರಳೆ ರೇಷ್ಮೆ!

"ಇನ್ನೊಂದಿನ ಬಿಟ್ರೆ..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಚಿತ್ತಮ್ಮ ಒಳಗಿನಿಂದ ಕೂಗಿದಳು: "ಶೇಂಗಾ ಪುಡಿ ಆತು, ಎಣ್ಣೆ ಇಟ್ಟೀನಿ. ಇವತ್ತು ಕೀಳ್ತೀರೋ, ಬರೋ ವರ್ಷ ಕೀಳ್ತೀರೋ?"

ರಂಗಯ್ಯ ಮಗ್ಗದ ಮೇಲಿನ ಎಳೆಗಳ ಬಿಗಿ ನೋಡುವಂತೆ ಒಂದು ಕಾಯಿಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದ. ಕುಳಿ ಬಿತ್ತು, ಬೆರಳೆತ್ತಿದೊಡನೆ ತುಂಬಿಕೊಂಡಿತು. ಇನ್ನೊಂದನ್ನು ಒತ್ತಿದ. ಅದೂ ಹಾಗೇ! ತುಂಬಿದೆ, ಆದರೆ ಇನ್ನೂ ಬಲಿತಿಲ್ಲ.

"ಚಿತ್ತಮ್ಮಾ, ಈಗ್ಲೇ! ಇದೇ ಹೊತ್ತು ಕಣೇ!"

ಮಗ್ಗದ ಕತ್ತರಿಯನ್ನೇ ಹಿಡಿದು, ಗಿಡದಿಂದ ಗಿಡಕ್ಕೆ ಜಿಗಿದು, ತೊಟ್ಟುಸಹಿತ ಕತ್ತರಿಸಿ ಟವೆಲ್ಲಿಗೆ ತುಂಬಿದ. ಜನ್ಮದಲ್ಲಿ ಮೊದಲ ಸಲ ಅವನ ಕಾಲು ತಾಳ ತಪ್ಪಿತ್ತು.

ಮಧ್ಯಾಹ್ನ ರಂಗಕ್ಕ ಮೊದಲ ತುತ್ತು ಬಾಯಿಗಿಟ್ಟಾಗ ಅವನು ಎದುರಿಗೇ ಕೂತಿದ್ದ. ಆಕೆ ಕಣ್ಣು ಮುಚ್ಚಿದಳು. "ಬೆಣ್ಣೆ ಕಣೋ! ಅವ್ವನ ಒಲೆ ಮುಂದೆ ಕುಂತಂಗೈತೆ."

ಕೈತೊಳೆಯಲು ಹಿತ್ತಲಿಗೆ ಹೋದವಳು ಅಲ್ಲಿಂದಲೇ ಕಿರುಚಿದಳು: "ಲೋ, ಬೀಜಕ್ಕೆ ಒಂದಾದ್ರೂ ಹಣ್ಣಾಗಾಕೆ ಬಿಡಬಾರದೇನೋ?"

ಸಡಗರದಲ್ಲಿ ಒಂದನ್ನೂ ಬಿಡದೆ ಕೊಯ್ದಿದ್ದ! ರಂಗಯ್ಯ ಪೆಚ್ಚಾಗಿ ಗಿಡಗಳನ್ನು ತಡಕಿದ. ಎಲೆಯಡಿ ನೇರಳೆ ಹೂವೊಂದು ಸಿಕ್ಕಿತು. ಟವೆಲ್ಲಿನ ರೇಷ್ಮೆ ಎಳೆಯೊಂದನ್ನು ಬಿಡಿಸಿ, ಕೀಳಬಾರದೆಂಬ ಗುರುತಿಗೆ ಅದರ ರೆಂಬೆಗೆ ಕಟ್ಟಿದ.

"ಇದು ಹಣ್ಣಾಗಿ ಮುಗಿಯೋಗಂಟ ಕಾಯ್ತೀನಕ್ಕಾ."

"ಅದಕ್ಕೆ ನಿನ್ನಂಥೋನೇ ಸರಿ," ಎಂದು ರಂಗಕ್ಕ ನಕ್ಕುಬಿಟ್ಟಳು.

ಯಾವುದನ್ನೂ ಅರ್ಧಕ್ಕೆ ಬಿಡಲಾರದ ಇಂಥವರ ಜೊತೆ ಬಾಳುವುದು ಕಷ್ಟ. ಕಾಫಿ ಆರುತ್ತದೆ, ಬಸ್ಸು ತಪ್ಪುತ್ತದೆ, ಬದನೆ ಕಹಿಯಾಗುತ್ತದೆ. ಆದರೆ ಊಟ ಮುಗಿಸಿ ನಾವೆಲ್ಲ ಎದ್ದುಹೋದ ಮೇಲೂ ಬರುವ ವರ್ಷದ ಬೀಜಕ್ಕಾಗಿ ಗಿಡದ ಬಳಿ ಕಾದು ಕೂರುವವರು ಅವರೇ.